ಡೈರಿ ಬರೆಯಿರಿ ಎನ್ನುವ ಮೊದಲು ಅದನ್ನಿಡಲು ಜಾಗ ಕೊಡಿ: ಉನ್ನತ ಶಿಕ್ಷಣ ಮತ್ತು ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಹಾಗೂ
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ತಾಲ್ಲೂಕು ಮಟ್ಟದ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿನಿಯರ ಮಾನಸಿಕ ಆರೋಗ್ಯಕ್ಕಾಗಿ ಖಾಯಂ ಆಪ್ತಸಮಾಲೋಚಕಿ, ಪ್ರತ್ಯೇಕ ಕೊಠಡಿ ಮತ್ತು ವೇಳಾಪಟ್ಟಿಯೊಳಗೇ ಬಿಡುವು ಒದಗಿಸುವ ಕುರಿತು.

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಕಡೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಅವರಲ್ಲಿ ಬಹುಪಾಲು ಮಂದಿ ತಮ್ಮ ಮನೆಯಿಂದ ಪದವಿ ತರಗತಿಗೆ ಬಂದ ಮೊದಲ ಹೆಣ್ಣುಮಕ್ಕಳು. ಈ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಕಾಲೇಜಿನಲ್ಲಿ ಮಾತೆತ್ತಿದರೆ ಅದು ಆರೋಗ್ಯ ಇಲಾಖೆಯ ಕೆಲಸ ಎನ್ನುವ ಉತ್ತರ ಸಿಗುತ್ತದೆ. ಆಸ್ಪತ್ರೆಯಲ್ಲಿ ಕೇಳಿದರೆ ಕಾಲೇಜಿನವರೇ ಏನಾದರೂ ವ್ಯವಸ್ಥೆ ಮಾಡಿಕೊಳ್ಳಬೇಕು ಎನ್ನುತ್ತಾರೆ. ಆದ್ದರಿಂದ ಈ ಪತ್ರವನ್ನು ತಮ್ಮಿಬ್ಬರಿಗೂ ಕೂಡಿಯೇ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಇಲ್ಲಿ ಕಾಣಿಸಿಲ್ಲ. ಸಣ್ಣ ಊರು, ಕಾಲೇಜು ಯಾವುದೆಂದು ತಿಳಿದರೆ ಹುಡುಗಿ ಯಾರೆಂದು ತಿಳಿಯಲು ಒಂದು ಸಂತೆಯ ದಿನ ಸಾಕು.

ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನವನ್ನು ನಾವೂ ಆಚರಿಸುತ್ತೇವೆ. ಅಂಥದೊಂದು ಕಾರ್ಯಕ್ರಮದಲ್ಲಿ ಬಂದಿದ್ದ ಅತಿಥಿಗಳು, ಹುಡುಗಿಯರು ತಮ್ಮನ್ನು ತಾವು ಹೇಗೆ ನೋಡಿಕೊಳ್ಳಬೇಕೆಂದು ಪ್ರೀತಿಯಿಂದಲೇ ವಿವರಿಸಿದರು. ರಾತ್ರಿ ಬೇಗ ಮಲಗಿ, ಬೆಳಿಗ್ಗೆ ಅರ್ಧ ಗಂಟೆ ನಡೆಯಿರಿ, ದಿನಕ್ಕೆ ಒಂದಿಷ್ಟು ಹೊತ್ತನ್ನು ನಿಮಗಾಗಿಯೇ ಇಟ್ಟುಕೊಳ್ಳಿ, ಮನಸ್ಸಿಗೆ ಬಂದದ್ದನ್ನು ಡೈರಿಯಲ್ಲಿ ಬರೆಯಿರಿ ಎಂದರು. ಅವರು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಮೇಡಂ, ಡೈರಿ ಬರದ್ರ ಎಲ್ಲಿ ಇಡಬೇಕ್ರಿ? ನಮ್ಮನ್ಯಾಗ ನನ್ನ ಚೀಲಾ ಎಲ್ಲಾರೂ ತಗದು ನೋಡ್ತಾರ್ರಿ."

ಅವಳು ವಾದಕ್ಕಾಗಿ ಕೇಳಿದ್ದಲ್ಲ, ನಿಜವಾಗಿಯೂ ಬರೆಯಬೇಕೆಂದಿದ್ದಳು. ಒಂದು ಪಡಸಾಲೆ, ಒಂದು ಅಡುಗೆಮನೆ ಇರುವ ಮನೆ. ಅಲ್ಲಿ ಅವಳ ಬಟ್ಟೆಗೆ ಬೇರೆ ಟ್ರಂಕು ಇಲ್ಲ, ಪುಸ್ತಕಕ್ಕೆ ಬೇರೆ ಗೂಡು ಇಲ್ಲ, ಫೋನು ಅಣ್ಣನದು. ಅವಳು ಒಬ್ಬಳೇ ಇರುವ ಸ್ಥಳವೆಂದರೆ ಬಚ್ಚಲು, ಅದೂ ಯಾರಾದರೂ ಬಾಗಿಲು ಬಡಿಯುವವರೆಗೆ. ಯುವತಿಯರ ಮಾನಸಿಕ ಆರೋಗ್ಯದ ಬಗ್ಗೆ ನಾವು ಹಾಕುವ ಪ್ರತಿಯೊಂದು ಭಿತ್ತಿಪತ್ರದಲ್ಲೂ ನಿಮ್ಮನ್ನು ನೀವು ನೋಡಿಕೊಳ್ಳಿ ಎಂಬ ಮಾತಿರುತ್ತದೆ. ಹಾಗೆ ನೋಡಿಕೊಳ್ಳುವುದಕ್ಕೆ ಹೊತ್ತು ಬೇಕು, ಜಾಗ ಬೇಕು, ಒಮ್ಮೊಮ್ಮೆ ಬಲ್ಲವರೊಬ್ಬರ ನೆರವು ಬೇಕು. ಇವು ಮೂರೂ ಇಲ್ಲದ ಹುಡುಗಿಗೆ ಬರೀ ಉಪದೇಶ ಕೊಟ್ಟರೆ ಅವಳ ಹೊರೆಗೆ ಇನ್ನೊಂದು ಹೊರೆ ಸೇರುತ್ತದೆ: ತನ್ನ ಮನಸ್ಸು ಸರಿಯಿಲ್ಲದಿರುವುದೂ ತನ್ನದೇ ತಪ್ಪು ಎಂದು ಅವಳು ತಿಳಿಯುತ್ತಾಳೆ. ನನ್ನ ದೂರಿನ ತಿರುಳು ಇಷ್ಟೇ.

ಮೊದಲು ಹೊತ್ತಿನ ಮಾತು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರ ದಿನ ನಸುಕಿನ ಐದಕ್ಕೇ ಶುರುವಾಗುತ್ತದೆ. ಕಸ ಹೊಡೆದು, ಸಗಣಿ ಬಾಚಿ, ನೀರು ತುಂಬಿ, ಮನೆಮಂದಿಗೆಲ್ಲ ರೊಟ್ಟಿ ಬಡಿದು, ಎಂಟರ ಬಸ್ಸಿಗೆ ಓಡಿಬರುತ್ತಾರೆ. ಸಂಜೆ ಮನೆ ಮುಟ್ಟಿದರೆ ಮತ್ತೆ ಒಲೆ, ಪಾತ್ರೆ, ಬಟ್ಟೆ. ಮೆಣಸಿನಕಾಯಿಯ ಹಂಗಾಮು ಬಂತೆಂದರೆ ಇದರ ಮೇಲೆ ಕೂಲಿ. ಬ್ಯಾಡಗಿ ಮಾರುಕಟ್ಟೆಗೆ ಬಂದ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಂಗಸರು, ಅವರ ಜೊತೆಗೆ ಹುಡುಗಿಯರು ಹೋಗುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುವುದುಂಟು. ದಿನವಿಡೀ ಬಿಡಿಸಿದವರ ಬೆರಳಿಗೆ ಆ ಮಾತು ಸಲ್ಲದು. ಉಗುರಸಂದಿಯ ಉರಿ ತಾಳಲಾರದೆ, ತಣ್ಣೀರಿನ ಬಾಟಲಿಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡು, ಪೆನ್ನು ಮುಟ್ಟದೆ ಪಾಠ ಕೇಳುವ ಹುಡುಗಿಯರು ಆ ತಿಂಗಳುಗಳಲ್ಲಿ ನನ್ನ ತರಗತಿಯಲ್ಲಿರುತ್ತಾರೆ. ಟಿಪ್ಪಣಿ ಬರೆದುಕೊಳ್ಳುತ್ತಿಲ್ಲವೇಕೆ ಎಂದು ಕೇಳಿದರೆ ಕೈಯನ್ನು ಡೆಸ್ಕಿನ ಕೆಳಗೆ ಸರಿಸುತ್ತಾರೆ.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸದಲ್ಲಿ ಕೈಹಾಕುವ ಗಂಡಸರು 97 ನಿಮಿಷ. ಕಾಲೇಜಿಗೆ ಸೇರಿದ ಮಾತ್ರಕ್ಕೆ ಹುಡುಗಿಯ ಪಾಲಿನ ಆ ಕೆಲಸ ಇಳಿಯುವುದಿಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಬಸ್ಸಿನ ದುಡ್ಡಿನ ಚಿಂತೆ ತಪ್ಪಿ ದೂರದ ಹಳ್ಳಿಯ ಹುಡುಗಿಯರಿಗೂ ಕಾಲೇಜಿನ ದಾರಿ ಹಗುರವಾಗಿದೆ. ಅದಕ್ಕಾಗಿ ಸರ್ಕಾರಕ್ಕೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆದರೆ ಕೊನೆಯ ತರಗತಿ ಮುಗಿಯುವುದಕ್ಕೂ ಹಳ್ಳಿಯ ಬಸ್ಸು ಬಿಡುವುದಕ್ಕೂ ನಡುವೆ ಉಳಿಯುವುದು ಕೆಲವೇ ನಿಮಿಷ. ಆ ಬಸ್ಸು ತಪ್ಪಿದರೆ ಮನೆಯಲ್ಲಿ ವಿಚಾರಣೆ, ಎರಡು ಸಲ ತಪ್ಪಿದರೆ ಕಾಲೇಜು ಬಿಡಿಸುವ ಮಾತು. ತರಗತಿಯ ನಂತರ ಬಂದು ಮಾತಾಡು ಎಂದು ನಾನು ಯಾವ ಹುಡುಗಿಗೂ ಹೇಳಲಾರೆ. ಸಂಜೆ ಮೈದಾನ ಹುಡುಗರದು. ಶಾಲೆಯಲ್ಲಿ ಖೊಖೊ ಆಡಿ ತಾಲ್ಲೂಕು ಮಟ್ಟದವರೆಗೆ ಹೋಗಿದ್ದವರು ಇಲ್ಲಿಗೆ ಬಂದು ಮೂರು ವರ್ಷ ಒಮ್ಮೆಯೂ ಓಡದೆ ಪದವಿ ಪಡೆದು ಹೋಗುತ್ತಾರೆ.

ಇನ್ನು ದೇಹದ ಸಂಗತಿ, ಅದನ್ನು ಮನಸ್ಸಿನಿಂದ ಬೇರೆ ಮಾಡಿ ನೋಡಲು ಬರುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲ ಪೀರಿಯಡ್‌ನಲ್ಲೇ ತೂಕಡಿಸುವ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ, ಯಾವುದರಲ್ಲೂ ಮನಸ್ಸಿಲ್ಲ ಎನ್ನುವ ಹುಡುಗಿಗೆ ಸೋಮಾರಿ ಎಂಬ ಹೆಸರು ಬೇಗ ಅಂಟುತ್ತದೆ. ಅವಳಿಗಿರುವುದು ರಕ್ತಹೀನತೆಯೋ, ನಿದ್ದೆಯ ಕೊರತೆಯೋ, ಖಿನ್ನತೆಯೋ, ಮೂರೂ ಕೂಡಿದ್ದೋ ಎಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಶಾಲೆಯಲ್ಲಿದ್ದಾಗ ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣಾಂಶದ ಮಾತ್ರೆಯೂ ನಮ್ಮ ಕಾಲೇಜಿನಲ್ಲಿಲ್ಲ. ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ಬಡಿದ ಹುಡುಗಿ ತಾನು ತಿನ್ನದೆಯೇ ಬಸ್ಸು ಹತ್ತುತ್ತಾಳೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ನೆರವಿನ ವಿಷಯದಲ್ಲಿ ನಾನು ಕಂಡ ಒಂದು ಪ್ರಸಂಗವನ್ನು, ಗುರುತು ಸಿಗುವ ವಿವರಗಳನ್ನು ಬಿಟ್ಟು, ತಮ್ಮ ಮುಂದಿಡುತ್ತೇನೆ. ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ತರಗತಿಯಲ್ಲಿ ಕೂತಲ್ಲೇ ಉಸಿರು ಕಟ್ಟಿದಂತಾಗಿ, ಕೈಕಾಲು ಸೆಟೆದು, ಬೆವರತೊಡಗಿದಳು. ಮೊದಲ ಸಲ ಗ್ಲೂಕೋಸ್ ಕುಡಿಸಿ ಮನೆಗೆ ಕಳಿಸಲಾಯಿತು. ಮತ್ತೆ ಮತ್ತೆ ಹಾಗಾದಾಗ ಮನೆಯವರು ಗಾಳಿ ಸೋಂಕಿರಬೇಕೆಂದು ತಾಯತ ಕಟ್ಟಿಸಿದರು, ಅಮಾವಾಸ್ಯೆಗೆ ದೇವಸ್ಥಾನಕ್ಕೆ ಕರೆದೊಯ್ದರು. "ಏನಾಗ್ತೈತವ್ವಾ?" ಎಂದು ಕೇಳಿದರೆ, "ಏನೂ ಇಲ್ರೀ ಮೇಡಂ, ಎದಿ ಬಡ್ಕೋತೈತ್ರಿ, ಸುಮ್ನ ಅಳು ಬರ್ತೈತ್ರಿ" ಎನ್ನುವುದಷ್ಟೇ ಅವಳ ಉತ್ತರ. ಬಹಳ ದಿನಗಳ ಮೇಲೆ ತಿಳಿದದ್ದು: ಪರಿಚಯದವನೊಬ್ಬ ಅವಳ ಫೋಟೊಗಳನ್ನು ಇಟ್ಟುಕೊಂಡು ಬೆದರಿಸುತ್ತಿದ್ದ. ಮನೆಯಲ್ಲಿ ಹೇಳಿದರೆ ಓದು ನಿಲ್ಲುತ್ತದೆ, ಪೊಲೀಸರಿಗೆ ಹೇಳಿದರೆ ಮನೆಗೆ ತಿಳಿಯುತ್ತದೆ ಎಂಬ ಹೆದರಿಕೆಯಲ್ಲಿ ಅವಳು ಎಷ್ಟೋ ರಾತ್ರಿ ನಿದ್ದೆ ಮಾಡಿರಲಿಲ್ಲ.

ಇಂಥವರಿಗಾಗಿ ಸರ್ಕಾರದ ವ್ಯವಸ್ಥೆ ಇಲ್ಲವೆಂದು ನಾನು ಹೇಳುತ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬರುವ ಏರ್ಪಾಡನ್ನು ನಮ್ಮ ರಾಜ್ಯ ಮಾಡಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಇವೆಲ್ಲ ಇದ್ದೂ ಆ ಹುಡುಗಿಗೆ ಹೇಗೆ ಕಂಡವು ಎಂಬುದನ್ನು ತಾವು ತಿಳಿಯಬೇಕು. ಮಂಗಳವಾರ ತರಗತಿಯ ದಿನ; ಆಸ್ಪತ್ರೆಗೆ ಹೋದರೆ ಹಾಜರಿ ಹೋಗುತ್ತದೆ, ಹಾಜರಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ತೊಡಕು. ಚೀಟಿ ಮಾಡಿಸುವ ಸಾಲಿನಲ್ಲಿ ಯಾವ ವಿಭಾಗ ಎಂದು ಗಟ್ಟಿಯಾಗಿ ಕೇಳುತ್ತಾರೆ, ಗಟ್ಟಿಯಾಗಿಯೇ ಹೇಳಬೇಕು. ಮನೋವೈದ್ಯರ ಕೋಣೆಯ ಮುಂದಿನ ಬೆಂಚು ಇರುವುದು ಎಲ್ಲರೂ ಓಡಾಡುವ ಪಡಸಾಲೆಯಲ್ಲಿ. ಅವಳ ಜೊತೆ ನಾನೂ ಆ ಬೆಂಚಿನ ಮೇಲೆ ಕೂತಿದ್ದೆ. ಲಸಿಕೆಗೆ ಮಗುವನ್ನು ಎತ್ತಿಕೊಂಡು ಬಂದಿದ್ದ ಅವಳ ಓಣಿಯ ಹೆಂಗಸೊಬ್ಬರು ನಮ್ಮನ್ನು ನೋಡಿ, ಬಾಗಿಲ ಮೇಲಿನ ಫಲಕವನ್ನೂ ನೋಡಿ, ಯಾಕೆ ಬಂದಿರಿ ಎಂದು ಕೇಳಿದರು. ಹುಡುಗಿ ಎದ್ದುಬಿಟ್ಟಳು. ಮೇಡಂ ಅವರಿಗೆ ಆರಾಮಿಲ್ಲ, ಜೊತೆಗೆ ಬಂದೆ ಎಂದಳು. ಆ ದಿನ ಅವಳು ಒಳಗೆ ಹೋಗಲೇ ಇಲ್ಲ.

ಧಾರವಾಡದ ಮಾತೆತ್ತುವುದಂತೂ ಇನ್ನೂ ಕಷ್ಟ. ಅಲ್ಲಿ ಇಂದು ಒಳ್ಳೆಯ ವೈದ್ಯರಿದ್ದಾರೆ, ಕಲಿಸುವ ವಿಭಾಗಗಳಿವೆ. ಆದರೂ ನಮ್ಮ ಸೀಮೆಯಲ್ಲಿ ಯಾರನ್ನಾದರೂ ಧಾರವಾಡಕ್ಕೆ ಕಳಿಸಬೇಕು ಎಂದರೆ ಅದು ಬೈಗುಳ. ಆ ಕಳಂಕವನ್ನು ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಹಣೆಗೆ ಹಚ್ಚಿಕೊಂಡು, ಮನೆಯಲ್ಲಿ ಸುಳ್ಳು ಹೇಳಿ, ಒಂದು ದಿನದ ಪ್ರಯಾಣ ಮಾಡಿ ಹೋಗಬೇಕೆಂದು ಬಯಸುವುದು ನ್ಯಾಯವಲ್ಲ.

ಆ ಹುಡುಗಿಯ ಮನೆಯವರು ಕೊನೆಗೆ ಕಂಡುಕೊಂಡ ಪರಿಹಾರ ಮದುವೆ. ಒಂದು ಗಂಟು ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ಹೇಳಿದರು. ಕಾಲೇಜಿನಲ್ಲೂ ಒಬ್ಬಿಬ್ಬರು ಹಾಗೆಯೇ ಹೇಳಿದರೆಂಬುದು ನನ್ನನ್ನು ಹೆಚ್ಚು ನೋಯಿಸಿದ ಸಂಗತಿ. ಈ ನಂಬಿಕೆ ಎಷ್ಟು ಅಪಾಯದ್ದೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಗಳೇ ಹೇಳುತ್ತವೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಹೋದ ವಿದ್ಯಾರ್ಥಿಗಳು 13,044. ಅದೇ ವರ್ಷ ಹಾಗೆಯೇ ತೀರಿಹೋದ ಗೃಹಿಣಿಯರು 25,309. ಸಂಕಟದಲ್ಲಿರುವ ಹುಡುಗಿಯನ್ನು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟಿಸುವುದು ಚಿಕಿತ್ಸೆಯಲ್ಲ ಎಂಬುದನ್ನು ಪಾಲಕರಿಗೆ ಹೇಳಬೇಕಾದವರು ಯಾರು? ನಾನು ಹೇಳಿದೆ. ಆದರೆ ಕನ್ನಡದ ಮೇಡಂ ಮಾತಿಗೆ ಇರುವ ತೂಕ ಎಷ್ಟೆಂದು ತಮಗೂ ಗೊತ್ತಿದೆ. ತರಬೇತಿ ಪಡೆದವರು, ಹುದ್ದೆಯ ಅಧಿಕಾರದಿಂದ, ಪಾಲಕರನ್ನು ಕೂರಿಸಿಕೊಂಡು, ಹುಡುಗಿಯ ಗುಟ್ಟು ಬಿಟ್ಟುಕೊಡದೆ ತಿಳಿಹೇಳಿದ್ದರೆ ಆ ಮದುವೆಯನ್ನು ಪದವಿ ಮುಗಿಯುವವರೆಗಾದರೂ ಮುಂದೂಡಬಹುದಿತ್ತು.

ಕಾಲೇಜಿನೊಳಗೆ ಏನೂ ಇಲ್ಲವೇ ಎಂದು ತಾವು ಕೇಳಬಹುದು. ಕಾಗದದ ಮೇಲೆ ಇದೆ. ಆಪ್ತಸಮಾಲೋಚನಾ ಕೋಶವಿದೆ, ಅದರ ಸಂಚಾಲಕರು ವಾಣಿಜ್ಯ ವಿಭಾಗದ ಸಹೋದ್ಯೋಗಿ, ಸಜ್ಜನರು, ಆದರೆ ಈ ಕೆಲಸಕ್ಕೆ ಒಂದು ದಿನದ ತರಬೇತಿಯೂ ಅವರಿಗೆ ಸಿಕ್ಕಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆಗಾಗಿ ವಿದ್ಯಾರ್ಥಿಗಳ ಯೋಗಕ್ಷೇಮ ದಾಖಲಿಸುವ ಮೆಂಟರ್ ಪುಸ್ತಕಗಳನ್ನು ಇಡುತ್ತೇವೆ. ಒಬ್ಬೊಬ್ಬ ಉಪನ್ಯಾಸಕರ ಪಾಲಿಗೆ ಒಂದಿಡೀ ತರಗತಿಯಷ್ಟು ವಿದ್ಯಾರ್ಥಿಗಳು ಬರುತ್ತಾರೆ. 'ಸಮಸ್ಯೆ' ಎಂಬ ಕಲಂನಲ್ಲಿ ಹೆಚ್ಚಿನವರು 'ಇಲ್ಲ' ಎಂದು ಬರೆದು ಸಹಿ ಮಾಡುತ್ತಾರೆ. ಅಕ್ಕಪಕ್ಕ ಕೂತು, ಒಂದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತ ಬರೆಯುವಾಗ ಬೇರೆ ಏನನ್ನು ಬರೆದಾರು? ಮಾತಾಡಲು ಬಾಗಿಲಿರುವ ಕೋಣೆಯೊಂದೂ ನಮ್ಮಲ್ಲಿಲ್ಲ. ಹುಡುಗಿಯರು ಅಳಬೇಕೆನಿಸಿದಾಗ ಹೋಗುವುದು ಗ್ರಂಥಾಲಯದ ಹಿಂದಿನ ಮೆಟ್ಟಿಲಿಗೆ. ನಾನು ಅವರ ಮಾತು ಕೇಳಿದ್ದೂ ಬಹುಮಟ್ಟಿಗೆ ಅಲ್ಲಿಯೇ, ಮೇಲೆ ಕೆಳಗೆ ಓಡಾಡುವವರಿಗೆ ದಾರಿ ಬಿಡುತ್ತ.

ಕಾನೂನು ಏನು ಹೇಳುತ್ತದೆ ಎಂಬುದು ತಮ್ಮ ಅಧಿಕಾರಿಗಳಿಗೆ ಗೊತ್ತಿರುವಂಥದೇ, ಆದರೂ ದಾಖಲೆಗಾಗಿ ಬರೆಯುತ್ತೇನೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 18ನೇ ಕಲಂ ಸರ್ಕಾರದ ಮಾನಸಿಕ ಆರೋಗ್ಯ ಸೇವೆಯನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. 23ನೇ ಕಲಂ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಆತ್ಮಹತ್ಯೆಗೆ ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 115ನೇ ಕಲಂ ಹೇಳುತ್ತದೆ. ಇಷ್ಟಿದ್ದೂ, ನಾನು ಬಲ್ಲ ಒಂದು ಹಾಸ್ಟೆಲಿನಲ್ಲಿ, ಅಂಥ ಯತ್ನದಿಂದ ಪಾರಾಗಿ ಮರಳಿ ಬಂದ ಹುಡುಗಿಯ ತಂದೆಯನ್ನು ಕರೆಸಿ, ಉಳಿದ ಮಕ್ಕಳಿಗೆ ತೊಂದರೆಯಾಗುತ್ತದೆ, ಟಿ.ಸಿ. ತೆಗೆದುಕೊಂಡು ಹೋಗಿ ಎನ್ನಲಾಯಿತು. ತಂದೆ ತಲೆತಗ್ಗಿಸಿ, ಮಗಳ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಹೋದರು. ಆರೈಕೆ ಬೇಕಾದ ಹೊತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಇದು.

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಾಗುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಗಳು ಕೋಚಿಂಗ್ ಸೆಂಟರುಗಳಿಗಷ್ಟೇ ಅಲ್ಲ, ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹತೆಯುಳ್ಳ ಒಬ್ಬ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು. ಬೋಧಕರಿಗೂ ಬೋಧಕೇತರರಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿಯಾಗಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ತರಗತಿ ಮತ್ತು ಹಾಸ್ಟೆಲುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಹಾಕಬೇಕು. ನಮ್ಮ ಕಾಲೇಜಿನಲ್ಲಿ ನೂರಲ್ಲ, ಅದರ ಎಷ್ಟೋ ಪಟ್ಟು ಮಕ್ಕಳಿದ್ದಾರೆ. ಆ ಹುದ್ದೆ ನಮ್ಮಲ್ಲಿಗೆ ಬಂದಿಲ್ಲ. ಬೋಧಕರಿಗೆ ತರಬೇತಿ ಆಗಿಲ್ಲ. ಸಂಖ್ಯೆಯನ್ನಂತೂ ವಿದ್ಯಾರ್ಥಿನಿಯರೇ ಬಣ್ಣದ ಹಾಳೆಯಲ್ಲಿ ಬರೆದು ಅಂಟಿಸಿದ್ದಾರೆ.

ಹಣ ಎಲ್ಲಿದೆ ಎನ್ನುವುದು ಮೊದಲ ಆಕ್ಷೇಪವಾಗಿ ಬರುತ್ತದೆ. ಕಾಲೇಜಿಗೊಂದು ಹುದ್ದೆ ಕೊಡಲಾಗದಿದ್ದರೆ ಹತ್ತಿರದ ಎರಡು ಕಾಲೇಜುಗಳಿಗೆ ಒಬ್ಬರನ್ನು ನೇಮಿಸಿ ಆರಂಭಿಸಬಹುದು. ಆದರೆ ಅದನ್ನು ಅತಿಥಿ ಉಪನ್ಯಾಸಕರ ಮಾದರಿಯಲ್ಲಿ, ಸೆಮಿಸ್ಟರ್ ಮುಗಿದೊಡನೆ ಮನೆಗೆ ಕಳಿಸುವ ನೇಮಕವಾಗಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಬ್ಬ ಹುಡುಗಿ ಬಾಯಿಬಿಡಲು ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಕೇಳುವವರೇ ಬದಲಾದರೆ ಅವಳು ಮತ್ತೊಮ್ಮೆ ಬಾಯಿಬಿಡುವುದಿಲ್ಲ. ಅರ್ಹರು ಸಿಗುವುದಿಲ್ಲ ಎನ್ನುವುದು ಎರಡನೆಯ ಆಕ್ಷೇಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಸೇರಿದಂತೆ ನಮ್ಮ ವಿಶ್ವವಿದ್ಯಾಲಯಗಳಿಂದ ಸಮಾಜಕಾರ್ಯದಲ್ಲೂ ಮನಶ್ಶಾಸ್ತ್ರದಲ್ಲೂ ಸ್ನಾತಕೋತ್ತರ ಪದವಿ ಪಡೆದ ಹೆಣ್ಣುಮಕ್ಕಳು ಬರುತ್ತಲೇ ಇದ್ದಾರೆ, ಕೆಲಸ ಹುಡುಕುತ್ತಲೇ ಇದ್ದಾರೆ. ಅವರಿಗೆ ನಿಮ್ಹಾನ್ಸ್ ಅಥವಾ ಡಿಮ್ಹಾನ್ಸ್‌ನಲ್ಲಿ ತರಬೇತಿ ಕೊಡಿಸಿ, ಅಲ್ಲಿಯ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸಕ್ಕಿಳಿಸಿದರೆ ಎರಡು ಸಮಸ್ಯೆಗಳು ಒಟ್ಟಿಗೇ ನೀಗುತ್ತವೆ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಈಗಿನವರಿಗೆ ಸಹನೆ ಕಡಿಮೆ ಎಂಬ ಮೂರನೆಯ ಆಕ್ಷೇಪವನ್ನು ನಾನು ಸಭೆಗಳಲ್ಲಿ ಕೇಳಿದ್ದೇನೆ. ಆ ಕಾಲದಲ್ಲೂ ಇತ್ತು. ಬಾವಿಯ ಕಟ್ಟೆಗೂ ಬಚ್ಚಲ ಒಲೆಗೂ ಗೊತ್ತಿತ್ತು, ಮನೆಯ ಗಂಡಸರಿಗೆ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಪದವಿ ಕಾಲೇಜುಗಳಿಗೆ, ಅದರಲ್ಲೂ ವಿದ್ಯಾರ್ಥಿನಿಯರು ಹೆಚ್ಚಿರುವ ಕಾಲೇಜುಗಳಿಗೆ ಮೊದಲು, ಆಪ್ತಸಮಾಲೋಚಕಿಯ ಹುದ್ದೆಯನ್ನು ಮಂಜೂರು ಮಾಡಿ. ಅವರು ಕೂರಲು ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ ಕೊಡಿ. ಅದರ ಮೇಲೆ ಆಪ್ತಸಮಾಲೋಚನೆ ಎಂಬ ದೊಡ್ಡ ಫಲಕ ಬೇಡ. ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಮುಟ್ಟಿನ ತೊಂದರೆ, ರಕ್ತ ಪರೀಕ್ಷೆ ಎಲ್ಲಕ್ಕೂ ಹುಡುಗಿಯರು ಹೋಗಿಬರುವ ಕೋಣೆ ಅದಾಗಿರಲಿ. ಆಗ ಯಾರು ಯಾವುದಕ್ಕೆ ಹೋದರೆಂದು ಯಾರಿಗೂ ತಿಳಿಯುವುದಿಲ್ಲ. ಅದೇ ಕೋಣೆಯಲ್ಲಿ ಗೋಡೆಗೆ ಹೊಂದಿಸಿ ಸಣ್ಣ ಸಣ್ಣ ಬೀಗದ ಗೂಡುಗಳನ್ನು ಮಾಡಿಸಿಕೊಡಿ. ಖರ್ಚು ದೊಡ್ಡದಲ್ಲ, ತನ್ನದೆನ್ನುವ ಒಂದು ಕೀಲಿಕೈ ಹುಡುಗಿಯ ಕೈಯಲ್ಲಿರುವುದರ ಬೆಲೆಯನ್ನು ನಾನು ಹೇಳಿ ತಾವು ತಿಳಿಯಬೇಕಿಲ್ಲ.

ವಾರಕ್ಕೆ ಒಂದು ಗಂಟೆಯನ್ನು, ತರಗತಿಗಳು ಮುಗಿದ ಮೇಲಲ್ಲ, ವೇಳಾಪಟ್ಟಿಯ ನಡುವೆಯೇ ಬಿಡುವಾಗಿಡಲು ಸುತ್ತೋಲೆ ಹೊರಡಿಸಿ. ಆ ಗಂಟೆಯಲ್ಲಿ ಭಾಷಣ ಬೇಡ, ವರದಿ ಬೇಡ, ಫೋಟೊ ಬೇಡ. ಖೊಖೊ ಆಡುವವರು ಆಡಲಿ, ಹಾಡುವವರು ಹಾಡಲಿ, ಮಲಗಬೇಕೆನ್ನುವವರು ಬೆಂಚಿನ ಮೇಲೆ ತಲೆಯಿಟ್ಟು ಮಲಗಲಿ, ಮಾತಾಡಬೇಕೆನ್ನುವವರು ಆ ಕೋಣೆಗೆ ಹೋಗಲಿ. ಆ ಹೊತ್ತಿಗೆ ಮೈದಾನ ಹುಡುಗಿಯರಿಗಿರಲಿ. ನಮ್ಮ ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕಿ ತಮ್ಮ ಆಸಕ್ತಿಯಿಂದಲೇ ಕೆಲವು ವಾರ ಹೀಗೆ ಹುಡುಗಿಯರನ್ನು ಆಡಿಸಿದ್ದರು. ಗೋಡೆಗೊರಗಿ ನಿಂತೇ ಇರುತ್ತಿದ್ದ ಹುಡುಗಿಯೊಬ್ಬಳು ಮೂರನೆಯ ವಾರ ಚಪ್ಪಲಿ ಬಿಟ್ಟು, ಸೆರಗಿನಂತೆ ವೇಲನ್ನು ನಡುವಿಗೆ ಬಿಗಿದು ಅಂಕಣಕ್ಕಿಳಿದದ್ದನ್ನು ಕಂಡಿದ್ದೇನೆ. ಅವರ ವರ್ಗಾವಣೆಯಾದ ಮೇಲೆ ಅದು ನಿಂತುಹೋಯಿತು. ಒಬ್ಬರ ಆಸಕ್ತಿಯ ಮೇಲೆ ನಿಂತ ಒಳ್ಳೆಯ ಕೆಲಸ ನಿಯಮವಾಗಬೇಕೆಂಬುದು ನನ್ನ ಆಸೆ.

ಮನೋವೈದ್ಯರು ಬರುವ ಮಂಗಳವಾರ ಆಸ್ಪತ್ರೆಗೆ ಹೋದ ವಿದ್ಯಾರ್ಥಿನಿಗೆ, ಕಾರಣ ಕೇಳದೆ, ಆಪ್ತಸಮಾಲೋಚಕಿಯ ಸಹಿಯ ಮೇಲೆ ಹಾಜರಿ ಕೊಡುವಂತಾಗಲಿ. ಸಾಧ್ಯವಾದರೆ ತಿಂಗಳಿಗೊಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ತಂಡವೇ ಕಾಲೇಜಿಗೆ ಬರಲಿ, ಬರುವಾಗ ಹಿಮೋಗ್ಲೋಬಿನ್ ಪರೀಕ್ಷೆಯ ಸಾಮಗ್ರಿ ಮತ್ತು ಕಬ್ಬಿಣಾಂಶದ ಮಾತ್ರೆಗಳನ್ನೂ ತರಲಿ. ಹದಿನೆಂಟು ತುಂಬಿದ ವಿದ್ಯಾರ್ಥಿನಿ ಕಾನೂನಿನ ದೃಷ್ಟಿಯಲ್ಲಿ ವಯಸ್ಕಳು. ಅವಳು ಹೇಳಿಕೊಂಡದ್ದನ್ನು ಅವಳ ಒಪ್ಪಿಗೆಯಿಲ್ಲದೆ ಮನೆಗೆ ಫೋನು ಮಾಡಿ ತಿಳಿಸಬಾರದು, ಜೀವಕ್ಕೆ ಅಪಾಯವಿದೆಯೆಂದು ಬಲ್ಲವರಿಗೆ ಅನ್ನಿಸಿದಾಗ ಮಾತ್ರ ಬೇರೆ ದಾರಿ, ಆಗಲೂ ಅವಳಿಗೆ ತಿಳಿಸಿಯೇ, ಎಂದು ಪ್ರಾಂಶುಪಾಲರಿಗೂ ಹಾಸ್ಟೆಲ್ ವಾರ್ಡನ್‌ಗಳಿಗೂ ಲಿಖಿತ ಸೂಚನೆ ಹೋಗಬೇಕು. ಮೊದಲು ಪಾಲಕರನ್ನು ಕರೆಸಿ ಎನ್ನುವ ಈಗಿನ ರೂಢಿಯಿಂದ ಎಷ್ಟು ಹುಡುಗಿಯರ ಓದು ನಿಂತಿದೆ ಎಂಬುದನ್ನು ಯಾವ ಇಲಾಖೆಯೂ ಲೆಕ್ಕವಿಟ್ಟಿಲ್ಲ. ಟಿ.ಸಿ. ಕೊಟ್ಟು ಕಳಿಸುವುದನ್ನಂತೂ ಸ್ಪಷ್ಟ ಮಾತಿನಲ್ಲಿ ನಿಷೇಧಿಸಬೇಕು. ಫೋಟೊ, ವಿಡಿಯೊ ಇಟ್ಟುಕೊಂಡು ಬೆದರಿಸುವ ಪ್ರಕರಣಗಳಲ್ಲಿ ಹುಡುಗಿಯ ಜೊತೆಗೆ ನಿಂತು ದೂರು ಕೊಡಿಸುವ ಹೊಣೆ ಕಾಲೇಜಿನ ಆಂತರಿಕ ದೂರು ಸಮಿತಿಯದ್ದಾಗಲಿ. ಅವಳ ಫೋನು ಕಸಿದುಕೊಳ್ಳುವುದು ಪರಿಹಾರವೆಂಬ ಭ್ರಮೆ ಹೋಗಲಿ.

ಈ ಪತ್ರವನ್ನು ಓದುವ ಪಾಲಕರಲ್ಲಿ ಒಂದು ಮಾತು. ಮಗಳು ಸುಮ್ಮನಾಗಿದ್ದರೆ, ಊಟ ಬಿಟ್ಟಿದ್ದರೆ, ರಾತ್ರಿ ಎದ್ದು ಕೂರುತ್ತಿದ್ದರೆ, ಅದು ಕೊಬ್ಬಲ್ಲ, ಗಾಳಿಯಲ್ಲ. ಬೈಯದೆ ಕೇಳಿ; ಹೇಳದಿದ್ದರೆ ಕಾಯಿರಿ. ಬೆಳಗಿನ ರೊಟ್ಟಿಯಲ್ಲಿ ಮೊದಲನೆಯದನ್ನು ಬಡಿದವಳಿಗೇ ಕೊಡಿ. ವಿದ್ಯಾರ್ಥಿನಿಯರಿಗೂ ಒಂದು ಮಾತು: ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಫೋನಿನಿಂದ ಮಾಡಲು ಹೆದರಿಕೆಯಾದರೆ ನಿಮ್ಮ ನಂಬಿಕೆಯ ಮೇಡಂ ಯಾರಾದರೂ ಇದ್ದರೆ ಅವರ ಫೋನು ಕೇಳಿ. ಇಲ್ಲವೆನ್ನುವವರು ನಮ್ಮಲ್ಲಿ ಕಡಿಮೆ.

ಮಾನ್ಯರೇ, ತಮ್ಮ ಎರಡೂ ಇಲಾಖೆಗಳು ಕೂಡಿ ಕೂತು ಒಂದು ಸಭೆ ನಡೆಸಬೇಕು, ಆ ಸಭೆಗೆ ತಾಲ್ಲೂಕು ಕಾಲೇಜುಗಳ ವಿದ್ಯಾರ್ಥಿನಿಯರನ್ನೂ ಕರೆದು ಅವರ ಮಾತು ಕೇಳಬೇಕು, ಸುಪ್ರೀಂ ಕೋರ್ಟಿನ ಮಾರ್ಗಸೂಚಿಗಳಲ್ಲಿ ಯಾವುದು ಎಷ್ಟು ಕಾಲೇಜುಗಳಲ್ಲಿ ಜಾರಿಯಾಗಿದೆ ಎಂಬ ವಿವರವನ್ನು ಕಾಲೇಜುವಾರು ಪ್ರಕಟಿಸಬೇಕು ಮತ್ತು ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮೊದಲೇ ಮೇಲಿನ ಕೋರಿಕೆಗಳ ಬಗ್ಗೆ ಸರ್ಕಾರದ ತೀರ್ಮಾನವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇನೆ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಕನ್ನಡ ಉಪನ್ಯಾಸಕಿ